ಎರಡು ಕಾರ್ಡು, ಒಬ್ಬ ಗುರುನಾಥಪ್ಪ

ಗುರುನಾಥಪ್ಪನವರು ಕಂಪ್ಯೂಟರ್ ಪ್ರೋಗ್ರಾಂ ಓದುತ್ತಿದ್ದುದು ಕಡಲೆ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. ಪ್ರಿಂಟರಿನಿಂದ ಮಡಿಕೆ ಮಡಿಕೆಯಾಗಿ ಇಳಿದ ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು, ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ಸಿಲ್ ತೆಗೆದು, ಸಾಲು ಸಾಲಿಗೂ "ಇದು ಯಾರದಲೇ?" ಎಂದು ಕೇಳುವರು. ಬರೆದವರು ಯಾರೆಂದಲ್ಲ, ಆ ಸಾಲು ಯಾವ ಫೈಲಿಗೆ ಸೇರಿದ್ದು ಎಂದು. ಮೊದಲ ವಾರ ಇದು ತಿಳಿಯದೆ ನಾನು ಪ್ರತಿ ಸಲವೂ "ನಂದ್ರಿ ಸರ" ಎಂದು ತಲೆ ತಗ್ಗಿಸಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಹುಬ್ಬಳ್ಳಿಯಲ್ಲಿ ಐದೇ ಜನರ ನಮ್ಮ ಕಂಪನಿ. ಅಣ್ಣಿಗೇರಿಯ ಒಂದು ಕಾಳಿನ ಸೊಸೈಟಿ ನಮ್ಮ ಏಕೈಕ ಗಿರಾಕಿ. ಗೋದಾಮಿನಲ್ಲೊಂದು ಕಂಪ್ಯೂಟರ್, ರಸ್ತೆಯಾಚೆ ಆಫೀಸಿನಲ್ಲಿ ಇನ್ನೊಂದು. ಇಲ್ಲಿ ತೂಗಿದ ಚೀಲದ ತೂಕ ತಂತಿಯಲ್ಲಿ ಓಡಿ ಅಲ್ಲಿ ಮುಟ್ಟಬೇಕು. ತಂತಿ ಸಿಕ್ಕಿಸುವ ಕಾರ್ಡು ಎರಡರಲ್ಲೂ ಒಂದೇ ಬಗೆಯದಿರಬೇಕಿತ್ತು. ಬಂದದ್ದು ಬೇರೆ ಬೇರೆ. ಎರಡನ್ನೂ ನಮ್ಮ ಆಪರೇಟಿಂಗ್ ಸಿಸ್ಟಮ್ಮಿಗೆ ಪಳಗಿಸುವುದು ಹಿರಿಯರಾದ ಗುರುನಾಥಪ್ಪನವರು, ಹೊಸದಾಗಿ ಸೇರಿದ ನಾನು, ನಮ್ಮಿಬ್ಬರ ಪಾಲಿಗೆ ಬಂತು. ಗುರುನಾಥಪ್ಪನವರ ಏರ್ಪಾಡು ಸರಳ: ಎಲ್ಲ ಕಾರ್ಡಿಗೂ ಸಲ್ಲುವ ಕೆಲಸಕ್ಕೆ ಒಂದು ಫೈಲು, ಆಯಾ ಕಾರ್ಡಿನ ಚಾಳಿಗೆ ಅದರದೇ ಬೇರೆ ಫೈಲು. ಕೇಳುವುದಕ್ಕೆ ಇಷ್ಟೇ, ಯಾವ ಸಾಲು ಎಲ್ಲಿಗೆ ಎಂಬಲ್ಲಿ ನನ್ನ ಬೆವರು ಇಳಿಯುತ್ತಿತ್ತು.

ಸೊಸೈಟಿಯ ಅಧ್ಯಕ್ಷ ಗೌಡರು ಶುಕ್ರವಾರ ಬಂದು ನಿಂತರು.

"ಸೋಮವಾರ ಹೊಸಾ ಕಡ್ಲಿ ಬರತೈತ್ರಿ. ಒಂದ ಚೀಲದ ತೂಕ ತಪ್ಪಿದ್ರೂ ಈ ಡಬ್ಬಿಗೋಳನ್ನ ತಂದ ಟೆಂಪೋದಾಗ ತಿರುಗಿ ಏರಸ್ತೇನಿ. ನಿಮ್ಮನ್ನೂ ಅದರಾಗ ಕೂಡಸ್ತೇನಿ."

"ಊಟಾ ಮಾಡಿಸಿ ಕೂಡಸ್ರಿ ಗೌಡ್ರ" ಎಂದರು ಗುರುನಾಥಪ್ಪ, ಕಾಗದದಿಂದ ತಲೆ ಎತ್ತದೆ.

ನಗುವ ಸ್ಥಿತಿ ನನ್ನದಾಗಿರಲಿಲ್ಲ. ಗೋದಾಮಿನ ಕಾರ್ಡಿಗೆ ಒಂದು ಚಾಳಿಯಿತ್ತು. ಒಂದು ತೂಕ ಕಳಿಸಿದ ಮೇಲೆ ತುಸು ದಣಿವಾರಿಸಿಕೊಳ್ಳಲು ಬಿಡದಿದ್ದರೆ ಮುಂದಿನದನ್ನು ನುಂಗಿಬಿಡುತ್ತಿತ್ತು. 'ಕಳಿಸಿದ ಮೇಲೆ ಕಾಯಿ' ಎಂಬ ಸಾಲನ್ನು ನಾನು, ಕೈಗೆ ಹತ್ತಿರವಾಯಿತೆಂದು, ಎಲ್ಲರಿಗೂ ಸೇರಿದ ಫೈಲಿನಲ್ಲಿ ಬರೆದೆ. ಕೂಡಲೇ ಆಫೀಸಿನ ಕಾರ್ಡು ಕೈಕೊಟ್ಟಿತು. ಅದಕ್ಕಿದ್ದದ್ದು ಒಂದೇ ಸಂದೇಶ ಹಿಡಿಯುವಷ್ಟು ಜಾಗ. "ಮುಟ್ಟಿತು" ಎಂದು ಉತ್ತರ ಕಳಿಸಿ, ನನ್ನ ಮಾತಿನಂತೆ ಅದೂ ಸುಮ್ಮನೆ ಕಾಯುವಾಗ, ಬೆನ್ನು ಬೆನ್ನಿಗೆ ಬಂದ ತೂಕಗಳು ಒಂದರ ಮೇಲೊಂದು ಕೂತು ಅಳಿಸಿಹೋಗುತ್ತಿದ್ದವು. ಇಪ್ಪತ್ತು ಚೀಲ ತೂಗಿದರೆ ಆಫೀಸಿಗೆ ಮುಟ್ಟಿದ್ದು ಹದಿನೇಳು.

"ನಿಮ್ಮೂರು ತಂಬೂರದಾಗ ಮನ್ಯಾಗ ಎತ್ತ ಅದಾವಿಲ್ಲೋ ತಮ್ಮಾ?" ಎಂದು ಕೇಳಿದರು ಗುರುನಾಥಪ್ಪ.

"ಅದಾವ್ರಿ ಸರ."

"ನಮ್ಮ ಕುಬಿಹಾಳದ ಮನ್ಯಾಗ ಒಂದ ಕರೇ ಎತ್ತ ಐತಿ. ಕೊಳ್ಳಾಗ ಜೋತ ಬಿದ್ದ ಗಂಗೆದೊಗಲ ತುರಸದ ಹೊರ್ತು ನೊಗಕ್ಕ ಹೆಗಲ ಕೊಡೂದಿಲ್ಲ. ಅದನ್ನ ಯಾರಿಗೆ ಹೇಳಬೇಕು? ಆ ಎತ್ತ ಹೂಡಾಂವಗ. ನೀ ಏನ ಮಾಡೀ? ಊರ ತುಂಬ ಡಂಗರಾ ಹೊಡಿಸೀ, ಎಲ್ಲಾರೂ ಎಲ್ಲಾ ಎತ್ತಿನ ಗಂಗೆದೊಗಲ ತುರಸ್ರಿ ಅಂತ. ಬಾಜೂ ಮನಿ ಎತ್ತ ಒದೀತು. ಅದರದೇನ ತಪ್ಪಲೇ?"

ಹಮಾಲರೂ ಚೀಲ ಇಳಿಸಿ ನಕ್ಕರು. ಸಾಲನ್ನು ಗೋದಾಮಿನ ಕಾರ್ಡಿನ ಫೈಲಿಗೆ ಸಾಗಿಸಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಮುಟ್ಟಿದವು.

ಅಂಜಿದವನ ಬುದ್ಧಿ ಇನ್ನೊಂದು ದಿಕ್ಕಿಗೆ ಓಡುತ್ತದೆ. ಮರುದಿನ, ಅರ್ಧ ಹರಿದು ಬಂದ ಸಂದೇಶವನ್ನು ಗುರುತಿಸಿ "ಮತ್ತೆ ಕಳಿಸು" ಎನ್ನುವ ಭಾಗವನ್ನು ನಾನು ಎರಡೂ ಕಾರ್ಡಿನ ಫೈಲಿನಲ್ಲಿ ಬೇರೆ ಬೇರೆಯಾಗಿ ಬರೆದೆ. ತಪ್ಪೊಂದು ಸಿಕ್ಕಿತು, ಒಂದರಲ್ಲಿ ತಿದ್ದಿ, ಇನ್ನೊಂದರಲ್ಲಿ ಮರೆತೆ. ಗುರುನಾಥಪ್ಪನವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ಈ ಗ್ವಾಡಿ ಬಿಟ್ಟು ಹೋಗಿ ಆ ಗ್ವಾಡಿಗೆ ಹಾಯ್ದೆಲ್ಲೋ! ಹರದ ಚೀಟಿ ಹರದೈತಿ ಅಂತ ತಿಳ್ಯಾಕ, ತಂದ ಬಂಡಿಗೆ ಯಾವ ಎತ್ತ ಹೂಡಿದ್ರು ಅಂತ ಕೇಳ್ತಾರೇನು? ನಾಳೆ ಕಾರ್ಡ ಬದಲಿ ಮಾಡಿದ್ರ ಈ ಸಾಲು ಬದಲಿ ಆಗತೈತೇನು? ಅಷ್ಟ ಕೇಳ್ಕೋ."

ಆಗುವುದಿಲ್ಲ. ಆ ಭಾಗ ಎಲ್ಲರ ಫೈಲಿಗೆ ಹೋಯಿತು.

ಸೋಮವಾರ ಗೌಡರು ನಮ್ಮನ್ನು ನಂಬದೆ, ಪ್ರತಿ ಚೀಲದ ತೂಕವನ್ನು ಗೋದಾಮಿನ ಗೋಡೆಯ ಮೇಲೆ ಇದ್ದಲಿನಿಂದ ಬರೆಸಿದರು. ಸಂಜೆ ಆಫೀಸಿನ ಕಾಗದ ತರಿಸಿ, ಗೋಡೆಗೆ ಮುಖ ಮಾಡಿ ಒಂದೊಂದೇ ಗಟ್ಟಿಯಾಗಿ ಓದಿದರು. ನಾನು ಉಗುರು ಕಚ್ಚುತ್ತ ನಿಂತಿದ್ದೆ. ಕೊನೆಯ ಚೀಲವೂ ತಾಳೆಯಾದಾಗ ಕಾಗದ ಮಡಚಿ, ಹಮಾಲರ ಕಡೆ ತಿರುಗಿ, "ಗ್ವಾಡಿಗೆ ಸುಣ್ಣಾ ಹಚ್ರಿಲೇ" ಎಂದರು. ಆಮೇಲೆ ನಮ್ಮ ಕಡೆ: "ಬರ್ರಿ, ಮನಿಗೆ ಹೋಗೂಣು. ಊಟಾ ಕೇಳಿದ್ರೆಲ್ಲಾ!"

ಮರುವರ್ಷ ಅಣ್ಣತಮ್ಮಂದಿರು ಬೇರೆಯಾಗಿ ತಮ್ಮ ಪಾಲಿನ ಹೊಲ ಬಂದಾಗ, ಗುರುನಾಥಪ್ಪನವರು ಕೆಲಸ ಬಿಟ್ಟು ಖುಷಿಯಿಂದ ಕುಬಿಹಾಳಕ್ಕೆ ಹೋದರು. ಸುಗ್ಗಿಗೆ ವಾರವಿರುವಾಗ ಆಫೀಸಿನ ಕಾರ್ಡು ಸುಟ್ಟಿತು. ಬದಲಿಗೆ ಬಂದದ್ದು ಮೂರನೆಯ ಬಗೆ. ಇದಕ್ಕೂ ಕಳಿಸಿದ ಮೇಲೆ ದಣಿವಾರಬೇಕು! ಈಗ 'ಕಾಯಿ' ಎಂಬ ಸಾಲು ಎಲ್ಲರದೋ, ಒಬ್ಬೊಬ್ಬರದೋ? ಕಾಗದ ಸುತ್ತಿಕೊಂಡು ಕುಬಿಹಾಳದ ಬಸ್ಸು ಹತ್ತಿದೆ.

ಅವರು ಕಣದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. ಕೈ ಝಾಡಿಸಿ, ಕಾಗದವನ್ನು ಕೊನೆಯವರೆಗೆ ಓದಿ, ಮಡಚಿ ನನಗೇ ಕೊಟ್ಟರು.

"ಈ ಕಾರ್ಡ ನಾ ನೋಡಿಲ್ಲೋ ತಮ್ಮಾ. ಅದರ ಸಂಗಾಟ ಕೂತಾಂವ ನೀ. ನೀನ ಹೇಳು."

"ತಪ್ಪಿದ್ರರೀ ಸರ?"

"ತಪ್ಪಿದ್ರ ತಿದ್ದು. ನಾ ತಪ್ಪಿದ್ದು ನೀ ನೋಡಿಲ್ಲ, ಅಷ್ಟ."

ರೊಟ್ಟಿ ತಿನ್ನಿಸಿ ಬಸ್ಸು ಹತ್ತಿಸಿದರು. ದಾರಿಯಲ್ಲಿ ಹೊಳೆಯಿತು: ಕಾಯುವ ಕೆಲಸ ಎಲ್ಲರ ಫೈಲಿನಲ್ಲಿರಲಿ, ಎಷ್ಟು ಕಾಯಬೇಕೆಂದು, ಕಾಯಬೇಕೋ ಬೇಡವೋ ಎಂದು, ಕಾರ್ಡಿನ ಫೈಲೇ ಹೇಳಲಿ. ಹಾಗೇ ಮಾಡಿದೆ. ಸುಗ್ಗಿ ಮುಗಿದ ಮೇಲೆ ಹೋಗಿ ಹೇಳಬೇಕೆಂದಿದ್ದೆ. ಅದಕ್ಕೂ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು. ಒಪ್ಪುತ್ತಿದ್ದರೋ, ಮತ್ತೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರೋ ತಿಳಿಯದು. ಆ ವರ್ಷ ಚೀಲ ಮಾತ್ರ ಒಂದೂ ತಪ್ಪಲಿಲ್ಲ.