ನಾನೇ ಹಚ್ಚಿದ ಕರಿ ಮೆಹಂದಿ

ಮಂಗಳವಾರ ಬೆಳಿಗ್ಗೆ ನನ್ನ ಗಂಡನಿಗೆ ಕಣ್ಣು ತೆರೆಯಲು ಆಗಲಿಲ್ಲ.

ಹಿಂದಿನ ದಿನವೇ ಕಿವಿಯ ಹಿಂದೆ ತುರಿಕೆ ಶುರುವಾಗಿತ್ತು. ಮೀಸೆಯ ಕೆಳಗೆ ಉರಿ. ಸೆಕೆಗೆ ಇರಬೇಕೆಂದು ಕೊಬ್ಬರಿ ಎಣ್ಣೆ ಸವರಿದ್ದೆ. ಈಗ ನೋಡಿದರೆ ಎರಡೂ ರೆಪ್ಪೆಗಳು ಉಬ್ಬಿ ಕೂಡಿಕೊಂಡಿದ್ದವು. ಹಣೆ ಊದಿತ್ತು. ಕೂದಲಿನ ಅಂಚಿನಲ್ಲಿ ನೀರು ಒಸರುತ್ತಿತ್ತು. ಇಪ್ಪತ್ತಾರು ವರ್ಷ ನೋಡಿದ ಮುಖ ಅದು. ನನಗೆ ಗುರುತೇ ಹತ್ತಲಿಲ್ಲ.

"ಕಲಾ, ಬೆಳಕಾತೇನ?" ಎಂದು ಕೇಳಿದರು.

ಬಿಸಿಲು ಅವರ ಹಾಸಿಗೆಯ ಮೇಲೇ ಬಿದ್ದಿತ್ತು.

ಡಫಳಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಡೆ ಅವರ ಹೊಲಿಗೆ ಮಶೀನು, ಇನ್ನೊಂದು ಕಡೆ ನನ್ನ ಬಳೆ, ಪಿನ್ನು, ಪೌಡರಿನ ಅಂಗಡಿ. ಆ ವಾರ ಅವರ ತಂಗಿಯ ಮಗಳ ನಿಶ್ಚಯ ಇತ್ತು. ಸೋದರಮಾವ ಬಿಳಿ ಮೀಸೆಯಲ್ಲಿ ಹೋಗಿ ಕೂತರೆ ಹೇಗೆ ಎಂದು ಮನೆಯಲ್ಲೆಲ್ಲ ನಗೆಯಾಗಿತ್ತು. ಭಾನುವಾರ ನಾನೇ ಅಂಗಡಿಯಿಂದ ಒಂದು ಪಾಕೀಟು ತೆಗೆದು, ಕಲಸಿ, ಅವರ ತಲೆಗೂ ಮೀಸೆಗೂ ಹಚ್ಚಿದೆ. ಹೊಸ ಮಾಲು. ಮೇಲೆ ಹಸಿರು ಎಲೆಯ ಚಿತ್ರ. ಕರಿ ಮೆಹಂದಿ, ಹರ್ಬಲ್ ಎಂಬ ದೊಡ್ಡ ಅಕ್ಷರ. ಅರ್ಧ ತಾಸಿನಲ್ಲಿ ಕೂದಲು ಕಪ್ಪಾಯಿತು. ಚಲೋ ಮಾಲು ಎಂದು ಹಿಗ್ಗಿದವಳು ನಾನೇ.

ಮೈದುನ ಸಿದ್ದು ಗಾಡಿ ತಂದ. ಜತ್ತಿನ ಆಸ್ಪತ್ರೆಯ ದಾರಿಯಲ್ಲಿ ತುಟಿಯೂ ಊದತೊಡಗಿತು. ಅವರು ನನ್ನ ಕೈ ಹುಡುಕಿ ಹಿಡಿದರು.

"ಗಂಟಲಾ ಬಿಗದಂಗ ಆಗಾಕತ್ತೈತಿ."

"ಲಗೂನ ಹೊಡಿಯೋ ಸಿದ್ದು!"

"ಹೊಡಿಯಾಕತ್ತೀನ್ರಿ ವೈನಿ. ನೀವು ಅಣ್ಣನ್ನ ಮಾತಾಡಿಸ್ಕೋತ ಇರ್ರಿ."

ಏನು ಮಾತಾಡಲಿ? ಯಾರ ಬ್ಲೌಸು ಹೊಲಿಯುವುದು ಉಳಿದಿದೆ ಎಂದು ಕೇಳಿದೆ. ತಂಗಿಯ ಮನೆಗೆ ಏನು ಒಯ್ಯೋಣ ಎಂದು ಕೇಳಿದೆ. ಉತ್ತರ ತಡವಾದಾಗಲೆಲ್ಲ ಅವರ ಎದೆಯ ಮೇಲೆ ಕೈಯಿಟ್ಟು, ಅದು ಏಳುತ್ತಿದೆಯೇ ಇಳಿಯುತ್ತಿದೆಯೇ ಎಂದು ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್. ಆಕ್ಸಿಜನ್. ಸಲೈನ್. ಗಂಟಲಿನ ಬಿಗಿ ಸಡಿಲಾದ ಮೇಲೆ ಡಾಕ್ಟರ್ ಬಾಯಿಯವರು ನನ್ನ ಕಡೆ ತಿರುಗಿದರು.

"ತಲಿಗೆ ಏನ ಹಚ್ಚಿದ್ರಿ?"

ಚೀಲದಿಂದ ಖಾಲಿ ಪಾಕೀಟು ತೆಗೆದು ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಒಳಗ ಏನೇನ ಹಾಕ್ಯಾರ ಅಂತ ಬರದೇ ಇಲ್ಲ. ಮಾಡಿದವರ ಪತ್ತಾನೂ ಇಲ್ಲ."

"ಹರ್ಬಲ್ ಅಂತ ಐತಲ್ರಿ..."

"ಖರೇ ಮೆಹಂದಿ ಕೆಂಪ ಆಗತೈತ್ರಿ ಅಕ್ಕಾರ. ಇಷ್ಟ ಲಗೂನ ಕರ್ರಗಾತಂದ್ರ ಒಳಗ ಪಿಪಿಡಿ ಅನ್ನೂ ಕೆಮಿಕಲ್ ಇರಬೇಕು. ಎಲ್ಲಾರಿಗೂ ಹಿಂಗಾಗೂದಿಲ್ಲ. ಇವರ ಮೈಗೆ ಅದು ಅಲರ್ಜಿ."

"ಕಣ್ಣು?"

"ಊತ ಇಳೀಲಿ. ನೋಡೂನು."

ನೋಡೂನು. ಆ ಒಂದು ಮಾತಿಗೆ ಜೋತುಬಿದ್ದು ಎರಡು ದಿನ ಕಳೆದೆ. ಹೊಲಿಯುವವನಿಗೆ ಕಣ್ಣಿಲ್ಲದಿದ್ದರೆ ಉಳಿಯುವುದೇನು? ಕೈಯಲ್ಲಿ ಬ್ರಶ್ ಹಿಡಿದು ಕೂತಿದ್ದವಳು ನಾನು. ನಿನ್ನಿಂದಲೇ ಹೀಗಾಯಿತು ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಅಳುವುದಕ್ಕಾದರೂ ದಾರಿಯಾಗುತ್ತಿತ್ತು.

ಆ ಮಂಗಳವಾರ ಮಧ್ಯಾಹ್ನವೇ ವಾರ್ಡಿನಲ್ಲಿ ಕೂತಿದ್ದಾಗ ಇನ್ನೊಂದು ಹೊಳೆಯಿತು.

ಅಂಥ ಪಾಕೀಟು ನಾನು ಬೇರೆ ಮೂವರಿಗೂ ಮಾರಿದ್ದೆ.

ಫೋನು ತೆಗೆದೆ. ಪಕ್ಕದ ಓಣಿಯ ಶಕೀಲಾ, "ಇನ್ನಾ ಒಡದಿಲ್ಲಕ್ಕಾ, ಹಬ್ಬಕ್ಕಂತ ಇಟ್ಟೀನಿ" ಎಂದಳು. ಒಡೆಯಲೇಬೇಡ ಎಂದು ಕೈಮುಗಿದೆ, ಅವಳಿಗೆ ಕಾಣುವುದಿಲ್ಲ ಎಂಬುದನ್ನೂ ಮರೆತು. ಅಂಗನವಾಡಿ ಬಾಯಿಯವರು ತಲೆಗೆ ಹಚ್ಚಿಕೊಂಡುಬಿಟ್ಟಿದ್ದರು. "ಕಿವಿ ತುರಸತಾವ. ಸೆಕಿಗೆ ಅಂದ್ಕೊಂಡಿದ್ದೆ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಇವತ್ತೇ ಡಾಕ್ಟರ್ ಕಡೆ ಹೋಗ್ರಿ ಎಂದು ಬೇಡಿಕೊಂಡೆ. ಹೋದರು. ಗುಳಿಗೆ, ಮುಲಾಮಿನಲ್ಲಿ ಅವರದು ಕಡಿಮೆಯಾಯಿತು.

ಮೂರನೆಯವಳು ಬಸ್ಸಿನಿಂದ ಇಳಿದು ಬಂದವಳು. ಮದುವೆಗೆ ಹೊರಟಿದ್ದೇನೆಂದು ಅವಸರದಲ್ಲಿ ಬಳೆ, ಅದರ ಜೊತೆ ಆ ಪಾಕೀಟು ತೆಗೆದುಕೊಂಡು ಹೋದಳು. ಹೆಸರು ಕೇಳಿರಲಿಲ್ಲ. ಊರೂ ಕೇಳಿರಲಿಲ್ಲ.

ಗುರುವಾರ ನಮ್ಮವರ ಎಡಗಣ್ಣು ಒಂದು ಗೆರೆಯಷ್ಟು ಬಿಟ್ಟಿತು. ಬಹಳ ಹೊತ್ತು ನನ್ನನ್ನೇ ನೋಡಿದರು.

"ಸೀರಿ ಉಲ್ಟಾ ಉಟ್ಟೀಯಲ್ಲ."

ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಸೀರೆ ಉಲ್ಟಾ ಇತ್ತು.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಉಳಿದ ಪಾಕೀಟುಗಳನ್ನು ವ್ಯಾಪಾರಿಗೆ ಹಿಂದಿರುಗಿಸಿದ್ದು.

"ಯಾರೂ ತಕರಾರ ಮಾಡಿಲ್ಲಲ್ರಿ" ಎಂದ ಆತ.

"ನಾ ಮಾಡಾಕತ್ತೀನಿ" ಎಂದೆ.

ಈಗ ಒಳಗೇನಿದೆ, ಯಾರು ಮಾಡಿದರು ಎಂದು ಬರೆದಿರದ ಡೈ ನನ್ನ ಅಂಗಡಿಗೆ ಬರುವುದಿಲ್ಲ. ಬರೆದಿದ್ದನ್ನು ಕೊಡುವಾಗಲೂ, ಮೊದಲು ಮೊಣಕೈಯ ಒಳಗೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯಿರಿ, ತುರಿಸಿದರೆ ಬಿಟ್ಟುಬಿಡಿ ಎನ್ನುತ್ತೇನೆ. ಕೆಲವರು ನಕ್ಕು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ನಮ್ಮವರು ಇನ್ನು ಜೀವನದಲ್ಲಿ ಅಂಥ ಡೈ ಮುಟ್ಟುವಂತಿಲ್ಲ. ಹಣೆಯ ಮೇಲೆ ಕಪ್ಪು ಕಲೆ ಉಳಿದಿದೆ. ಎರಡೂ ಕಣ್ಣು ಕಾಣುತ್ತವೆ. ಬೆಳೆಯುತ್ತಿರುವ ಮೀಸೆ ಪೂರಾ ಬಿಳಿ. ಅದನ್ನು ನೋಡಿದರೆ ನನಗೆ ನೆಮ್ಮದಿ.

ಬಸ್ಸಿನಿಂದ ಇಳಿದು ಬಂದಿದ್ದ ಆ ಹೆಂಗಸು ಚೆನ್ನಾಗಿಯೇ ಇರಬಹುದು. ಎಲ್ಲರಿಗೂ ಹಾಗಾಗುವುದಿಲ್ಲವೆಂದು ಡಾಕ್ಟರರೇ ಹೇಳಿದ್ದಾರಲ್ಲ. ಆದರೂ ಅಂಗಡಿಯೆದುರು ಬಸ್ಸು ನಿಂತಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತೇನೆ. ಇಳಿಯುವವರ ಮುಖ ಒಂದೊಂದಾಗಿ ನೋಡುತ್ತೇನೆ.