ಡ್ರಮ್ಸ್ ಇಲ್ಲದ ಆಲ್ಬಂ

ಬಾಯಲ್ಲಿ ಸಜ್ಜೆ ರೊಟ್ಟಿ ತುಂಬಿತ್ತು. ಇಲ್ಲದಿದ್ದರೆ ಅವತ್ತು ಇನ್ನೂ ದೊಡ್ಡ ಸುಳ್ಳು ಹೇಳಿಬಿಡುತ್ತಿದ್ದೆ.

ಎಳ್ಳಮಾವಾಸ್ಯೆಗೆ ಖಜೂರಿ ಹತ್ತಿರದ ಅಕ್ಕನ ಹೊಲಕ್ಕೆ ಹೋಗಿದ್ದೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬೇವಿನ ಮರದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಕಾಳು-ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ. (ಹೊಲದಲ್ಲಿ ಕೂತರೆ ನನಗೆ ಹೊಟ್ಟೆಯ ಅಳತೆ ತಪ್ಪುತ್ತದೆ.) ಆಗ ಅಕ್ಕ ಶುರು ಮಾಡಿದಳು.

“ಪೇಪರ್‌ನಾಗ ಯಾರ್ಯಾರದೋ ಹಾಡಿನ ಬಗ್ಗೆ ಬರದಿ. ನಮ್ಮ ಭಾಗ್ಯಾನ ಹಾಡು ಹ್ಯಾಂಗ ಅವ, ಹೇಳಲೇ ಇಲ್ಲಲ್ಲೋ ತಮ್ಮಾ?”

ಕಳೆದ ವಾರದ ಅಂಕಣ ನಿಮಗೆ ನೆನಪಿರಬಹುದು. ಈ ವರ್ಷ ನನಗೆ ಹಿಡಿಸಿದ ರಾಕ್ ಆಲ್ಬಂಗಳು. ಮೊದಲ ಸ್ಥಾನ ನಾರ್ವೆಯ ಒಂದು ಬ್ಯಾಂಡಿಗೆ. ಅಫಜಲಪುರದಲ್ಲಿ ಕೂತು ನಾರ್ವೆಯ ಗಿಟಾರಿಗೆ ಮಾರ್ಕ್ಸ್ ಕೊಡುವವನು ನಾನೊಬ್ಬನೇ ಇರಬೇಕು. ಅದರ ಜಂಬವೂ ಇತ್ತು.

ಭಾಗ್ಯಾ ಅಕ್ಕನ ಮಗಳು. ಆಳಂದದಲ್ಲಿ ಬಿ.ಎಡ್. ಓದುತ್ತಾಳೆ. ಅವಳಿಗೆ ರಾಕ್ ಹುಚ್ಚು ಹಿಡಿಸಿದವನೇ ನಾನು. ಶ್ರಾವಣದಲ್ಲಿ ತನ್ನಪ್ಪನ ಗೋದಾಮಿನಲ್ಲಿ, ತೊಗರಿ ಚೀಲಗಳ ನಡುವೆ ಕೂತು (ಚೀಲ ಇದ್ದರೆ ಸದ್ದು ಗುಂಯ್‌ಗುಡುವುದಿಲ್ಲವಂತೆ) ತಾನೇ ಕಟ್ಟಿದ ನಾಲ್ಕು ಹಾಡು ರೆಕಾರ್ಡ್ ಮಾಡಿ ನನ್ನ ಫೋನಿಗೆ ಕಳಿಸಿದ್ದಳು. ಜೊತೆಗೆ ಉದ್ದದ ಮೆಸೇಜು.

ನಾನು ಒಂದು ಬೆಂಕಿ ಇಮೋಜಿ ಒತ್ತಿದೆ. ಹಾಡು ಕೇಳಲಿಲ್ಲ. ಮೆಸೇಜನ್ನೂ ಪೂರ್ತಿ ಓದಲಿಲ್ಲ. ಮನೆ ಹುಡುಗಿಯದು, ಯಾವಾಗ ಕೇಳಿದರೇನು?

ಈಗ ಭಾಗ್ಯಾಳೂ ಸೇರಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಮಸ್ತ್ ಅವ ಅಕ್ಕಾ! ಡ್ರಮ್ಸ್ ಅಂತೂ ಭಾರೀ ಬಂದಾವ,” ಎಂದೆ. ರಾಕ್ ಅಂದಮೇಲೆ ಡ್ರಮ್ಸ್ ಇರಲೇಬೇಕಲ್ಲ?

“ಡ್ರಮ್ಸ್ ಅಂದ್ರ ನಮ್ಮ ಹಲಗಿ ಇದ್ದಂಗೇನು?” ಭಾವ ಕೇಳಿದರು.

“ಹೂಂ ಅಪ್ಪಾ, ಹಂಗೇ,” ಎಂದ ಭಾಗ್ಯಾ, ನನ್ನ ಕಡೆ ನೋಡದೆ ತಟ್ಟೆಗೆ ಇನ್ನಷ್ಟು ಭಜ್ಜಿ ಬಡಿಸಿದಳು.

ಕೈ ತೊಳೆಯಲು ಬಾವಿ ಕಡೆ ಹೋದಾಗ ಹಿಂದೆಯೇ ಬಂದಳು.

“ಮಾಮಾ, ಅದರಾಗ ಡ್ರಮ್ಸೇ ಇಲ್ಲ. ಬಾರಸೋರು ಯಾರೂ ಸಿಗಲಿಲ್ಲ. ಇಲ್ಲದೇ ನಡೀತದೇನು, ನೀ ಹೂಂ ಅಂದ್ರ ಇಂಟರ್ನೆಟ್ಟಿಗೆ ಹಾಕ್ತೇನಿ ಅಂತ ಬರದಿದ್ದೆ.”

“ಮತ್ತ ಹಾಕಲಿಲ್ಲ?”

“ನೀ ಬೆಂಕಿ ಕಳಿಸಿದಿ. ಅದು ಹೂಂ ಅಂತನೋ ಉಹೂಂ ಅಂತನೋ ತಿಳೀಲಿಲ್ಲ. ಗಿಟಾರ್ ಕಪಾಟಿನ ಮ್ಯಾಲ ಇಟ್ಟೇನಿ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎಲ್ಲರ ಮುಂದೆ ನನ್ನ ಮಾನ ಉಳಿಸಿದ್ದಳು ಬೇರೆ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ನಾವೆಲ್ಲ ಹೀಗೇ ಆಗಿಲ್ಲವೇ? ಹುಟ್ಟುಹಬ್ಬಕ್ಕೆ ಕೇಕು, ಸಾವಿಗೆ ಮುಗಿದ ಕೈ, ಹಾಡಿಗೆ ಬೆಂಕಿ. ಒತ್ತಿದರೆ ಮುಗಿಯಿತು. ಆ ಕಡೆ ಯಾರೋ ಉತ್ತರಕ್ಕೆ ಕಾಯುತ್ತಲೇ ಇರುತ್ತಾರೆ.

ಅಫಜಲಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ನಾಲ್ಕೂ ಹಾಡು ಕೇಳಿದೆ. ಮೂರನೆಯದು ಸ್ವಲ್ಪ ಎಳೆದಂತಿತ್ತು. ಕೊನೆಯದರಲ್ಲಿ ಗಿಟಾರಿನ ಮೈಗೇ ಅಂಗೈ ಬಡಿದು ತಾಳ ಹಾಕಿದ್ದಾಳೆ. ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ನಾರ್ವೆಯವರು ನನ್ನಿಂದ ಹೀಗೆ ಮಾಡಿಸಿರಲಿಲ್ಲ. (ಅವರದನ್ನೂ ಪೂರ್ತಿ ಕೇಳಿಲ್ಲ, ಬಿಡಿ.)

ಬಸ್ಸಿನಲ್ಲೇ ಬರೆದೆ. ಯಾವ ಹಾಡು ಯಾಕೆ ಹಿಡಿಸಿತು, ಡ್ರಮ್ಸ್ ಯಾಕೆ ಬೇಡ, ಗಿಟಾರ್ ಕೆಳಗಿಳಿಸು, ಮಾಮಾನದು ತಪ್ಪಾಯಿತು. ಅಷ್ಟುದ್ದದ ಮೆಸೇಜು ಮದುವೆಗೆ ಮುಂಚೆ ಹೆಂಡತಿಗೂ ಬರೆದಿರಲಿಲ್ಲ.

ಕಳಿಸಿದ ಕೂಡಲೇ ಉತ್ತರ ಬಂತು. ಒಂದು ಬೆಂಕಿ.

ಓದಿರುತ್ತಾಳಾ?