ಒರೆಸಿದ ತೋಳು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಕುಷ್ಟಗಿಯ ನಮ್ಮ ಓಣಿಗೆ ಸರಕಾರದಿಂದ ಒಬ್ಬ ರುಮಾಲಿನವನು ದೇವಿ ಹಾಕಲು ಬಂದ. ಸಿಡುಬಿನ ಲಸಿಕೆಗೆ ನಾವು ಹಾಗನ್ನುತ್ತಿದ್ದೆವು. ನನಗೆ ಒಂಬತ್ತು, ತಮ್ಮನಿಗೆ ಮೂರು. ಇಬ್ಬರ ತೋಳಿಗೂ ಹನಿ ಹಚ್ಚಿ, ಸೂಜಿಯಿಂದ ಗೀರಿ, ಅವ್ವನಿಗೆ ಹೇಳಿದ: "ಒಣಗೂತನಕ ಮುಟ್ಟಬ್ಯಾಡ್ರಿ, ಅವ್ವಾರ."

ಅವನು ಹೊಸ್ತಿಲು ದಾಟಿದ್ದೇ ತಡ, ಅವ್ವ ಬೇವಿನ ನೀರಲ್ಲಿ ಬಟ್ಟೆ ಅದ್ದಿದಳು. ಓಣಿಯ ಹೆಂಗಸರೆಲ್ಲ ಮಾಡುತ್ತಿದ್ದದ್ದು ಅದನ್ನೇ. "ಆಕಳ ಕರದ ಕೀವಂತ ಅದು! ಮಕ್ಕಳ ಮೈಯಾಗ ಹೊಕ್ಕರ ದ್ಯಾಮವ್ವ ಸುಮ್ನಿರ್ತಾಳೇನು?" ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಊದಿ ಊದಿ, ಮತ್ತೆ ಮತ್ತೆ ಒರೆಸಿದಳು. ನನ್ನ ಸರದಿ ಬರುವಷ್ಟರಲ್ಲಿ ಹಾಲು ಉಕ್ಕಿತು. ಕಾಟಾಚಾರಕ್ಕೆ ಒಮ್ಮೆ ಬಟ್ಟೆ ಎಳೆದು ಎದ್ದು ಓಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡುಮಗನೆಂದರೆ ಅಷ್ಟು ಅಕ್ಕರೆ, ನಾನೇನು ಬೀದಿಯಲ್ಲಿ ಸಿಕ್ಕವಳೇ?

ನಾಲ್ಕು ದಿನಕ್ಕೆ ನನ್ನ ತೋಳಲ್ಲಿ ಗುಳ್ಳೆ ಎದ್ದಿತು. ತಮ್ಮನ ತೋಳು ನುಣ್ಣಗೇ ಇತ್ತು. ಅವ್ವ ಅದನ್ನು ಸವರಿ ಸವರಿ ಹಿಗ್ಗಿದಳು.

ತಿಂಗಳೊಪ್ಪತ್ತಿನಲ್ಲಿ ಪಕ್ಕದ ಮನೆಗೆ ಸಿಡುಬು ಬಂತು. ಹಿಂದಿನ ದಿನವಷ್ಟೇ ತಮ್ಮ ಅಲ್ಲಿ ಆಡಿ ಬಂದಿದ್ದ. ಅವ್ವ ದಿನಾ ಬೆಳಿಗ್ಗೆ ಅವನ ಅಂಗಿ ಎತ್ತಿ ಬೆನ್ನು, ಹೊಟ್ಟೆ, ಅಂಗಾಲು ನೋಡುತ್ತಿದ್ದಳು. ಏನೂ ಇಲ್ಲ. ಒಂದು ವಾರ ಕಳೆಯಿತು. ಏನೂ ಇಲ್ಲ.

ಮುಂದೆ ಸಾಲೆಯಲ್ಲಿ ಕಲಿಸುವಾಗ ಓದಿ ತಿಳಿದೆ, ಆ ದಿನಗಳಲ್ಲಿ ಏನು ನಡೆದಿತ್ತೆಂದು. ವೈರಸ್ಸು ತಾನಾಗಿ ಉಣ್ಣದು, ಬೆಳೆಯದು. ಮೇಲೊಂದು ಪ್ರೋಟೀನಿನ ಕವಚ, ಒಳಗೆ ತನ್ನಂಥದ್ದನ್ನೇ ಮಾಡಿಸುವ ಅಪ್ಪಣೆ, ಅಷ್ಟೇ. ಜೀವಕೋಶಕ್ಕೆ ಅಂಟಿ ಒಳಹೊಕ್ಕರೆ ಆ ಕೋಶ ತನ್ನ ಕೆಲಸ ಬಿಟ್ಟು ಅದರ ಸಂತಾನವನ್ನೇ ಹೆರತೊಡಗುತ್ತದೆ. ಲಸಿಕೆಯ ಸೌಮ್ಯ ವೈರಸ್ಸೂ ಹಾಗೆ ಒಳಹೊಕ್ಕರೆ ಮಾತ್ರ ಮೈ ಸಿಡುಬನ್ನು ಎದುರಿಸಲು ಕಲಿಯುವುದು. ನನ್ನ ತೋಳಲ್ಲಿ ಅದು ಹೊಕ್ಕಿತ್ತು.

ಹನ್ನೆರಡನೆಯ ದಿನ ತಮ್ಮನಿಗೆ ಜ್ವರ ಬಂತು. ಆಮೇಲೆ ಮುಖದ ಮೇಲೆ ಗುಳ್ಳೆ, ಬಾಯಲ್ಲೂ ಗುಳ್ಳೆ. ನೀರು ಸಹ ಇಳಿಯಲಿಲ್ಲ. ಅವನು ಉಳಿಯಲಿಲ್ಲ.

ರುಮಾಲಿನವನು ಮತ್ತೆ ಬಂದ. ಅಂಗಳದಲ್ಲೇ ನಿಂತು, ಮೆಲ್ಲಗೆ ಕೇಳಿದ: "ಒರಸಿದ್ರೇನ್ರಿ?"

ಅವನು ಹೋದ ಮೇಲೆ ಅವ್ವ ನನ್ನ ತೋಳು ಹಿಡಿದು ಎಳೆದುಕೊಂಡಳು. ಗುಳ್ಳೆ ಒಣಗಿ ಉಳಿದ ಕಲೆಯನ್ನೇ ನೋಡಿದಳು.

"ನಾ ನಿನಗೂ ಒರಸಿದ್ನಲ್ಲವಾ? ಅವಗ ಒರಸಿದಂಗ?"

"ಹೂಂ ಯವ್ವಾ," ಎಂದೆ, "ನನಗೂ ಅಷ್ಟ ಒರಸಿದ್ದಿ."